ನಮ್ಮ ಫೈರ್ ಭಾವ

ಏಪ್ರಿಲ್ 14 ಅಂಬೇಡ್ಕರ್ ಜಯಂತಿ ಎಂಬುದು ಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಅದೇ ದಿನ ದೇಶದ ಅಗ್ನಿಶಾಮಕ ಠಾಣೆಗಳಲ್ಲೆಲ್ಲ ಸಿಬ್ಬಂದಿ ಸಾಲಾಗಿ ನಿಂತು ಎರಡು ನಿಮಿಷ ಮೌನ ಆಚರಿಸುತ್ತಾರೆ ಎಂಬುದು ಮಾತ್ರ ಹೆಚ್ಚು ಜನಕ್ಕೆ ತಿಳಿಯದು. ನನಗೆ ತಿಳಿದದ್ದು ನನ್ನ ಅಕ್ಕನ ಯಜಮಾನರಿಂದ. ಅವರು ಮೂವತ್ತಾರು ವರ್ಷ ನಮ್ಮ ರಾಜ್ಯದ ಅಗ್ನಿಶಾಮಕ ದಳದಲ್ಲಿ ಸೇವೆ ಸಲ್ಲಿಸಿ 2002ರಲ್ಲಿ ನಿವೃತ್ತರಾದವರು. 2023ರ ಕಾರ್ತಿಕದಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಂಡರು. ನೆಂಟರಿಷ್ಟರಿಗೆಲ್ಲ ಅವರು 'ಫೈರ್ ಭಾವ', ಮಕ್ಕಳಿಗೆ 'ಫೈರ್ ಮಾಮ'. ಹೆಸರು ಹಾಕಿ ಬರೆದರೆ ಅವರು ಮೆಚ್ಚುತ್ತಿರಲಿಲ್ಲ. ಆದುದರಿಂದ ಇಲ್ಲಿಯೂ ಅವರು ಭಾವನಾಗಿಯೇ ಇರಲಿ. ಓದುವವರಲ್ಲಿ ಅರ್ಧ ಜನಕ್ಕೆ ಹೆಸರು ಗೊತ್ತೇ ಇದೆ.

ಮೊದಲು ಆ ದಿನದ ಕಥೆ. ಎರಡನೆಯ ಮಹಾಯುದ್ಧದ ಕಾಲ. 'ಫೋರ್ಟ್ ಸ್ಟೈಕಿನ್' ಎಂಬ ಸರಕು ಹಡಗು ಇಂಗ್ಲೆಂಡಿನಿಂದ ಹೊರಟು ಕರಾಚಿಗೆ ಬಂದು, ಅಲ್ಲಿಂದ ಮುಂಬಯಿಯ ವಿಕ್ಟೋರಿಯಾ ಡಾಕ್ ಸೇರಿತು. ಅದರ ಒಡಲಲ್ಲಿ ಸುಮಾರು 1,400 ಟನ್ ಸ್ಫೋಟಕಗಳಿದ್ದವು. ಬ್ಯಾಂಕಿಗೆ ಸೇರಬೇಕಾದ ಚಿನ್ನದ ಗಟ್ಟಿಗಳಿದ್ದವು. ಸಾಲದೆಂಬಂತೆ ಕರಾಚಿಯಲ್ಲಿ ಹತ್ತಿಯ ಮೂಟೆಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ತುಂಬಿದರು. ಹತ್ತಿ, ಎಣ್ಣೆ, ಮದ್ದು ಮೂರನ್ನೂ ಒಂದೇ ಹಡಗಿನಲ್ಲಿ ತುಂಬಬಾರದೆಂದು ಹೇಳಲು ವಿಜ್ಞಾನದ ಪದವಿ ಬೇಕಿಲ್ಲ. ಆದರೆ ಯುದ್ಧಕಾಲದ ಅವಸರಕ್ಕೆ ವಿವೇಕ ಎಲ್ಲಿಂದ ಬರಬೇಕು! 1944ರ ಏಪ್ರಿಲ್ 14, ಶುಕ್ರವಾರ ಮಧ್ಯಾಹ್ನ, ಹಡಗಿನೊಳಗೆ ಹೊಗೆ ಕಾಣಿಸಿತು. ಒಳಗೆ ಸ್ಫೋಟಕವಿದೆ ಎಂದು ಎಚ್ಚರಿಸುವ ಕೆಂಪು ಬಾವುಟ ಹಡಗಿನ ಮೇಲೆ ಹಾರುತ್ತಿರಲಿಲ್ಲ. ಮುಂಬಯಿಯ ಅಗ್ನಿಶಾಮಕರು ಬಂದು ಗಂಟೆಗಟ್ಟಲೆ ನೀರು ಹಾಯಿಸಿದರು. ಸಂಜೆ ನಾಲ್ಕು ಗಂಟೆ ಆರು ನಿಮಿಷಕ್ಕೆ ಹಡಗು ಸಿಡಿಯಿತು. ಅರ್ಧ ಗಂಟೆಯೊಳಗೆ ಇನ್ನೂ ದೊಡ್ಡದಾದ ಎರಡನೆಯ ಸ್ಫೋಟವಾಯಿತು. ದೂರದ ಸಿಮ್ಲಾದ ಭೂಕಂಪಮಾಪಕದಲ್ಲಿ ಅದರ ಗೀಟು ಮೂಡಿತಂತೆ. ಸತ್ತವರ ಲೆಕ್ಕ ಒಬ್ಬೊಬ್ಬರು ಒಂದೊಂದು ಕೊಡುತ್ತಾರೆ. ನೂರಾರು ಜನ ಎಂಬುದಂತೂ ನಿಜ. ಅವರಲ್ಲಿ 66 ಮಂದಿ ಅಗ್ನಿಶಾಮಕರು. ಚಿನ್ನದ ಗಟ್ಟಿಗಳು ಹೂಳೆತ್ತುವಾಗ ಹತ್ತಾರು ವರ್ಷಗಳ ಕಾಲ ಒಂದೊಂದಾಗಿ ಸಿಕ್ಕವು. ಚಿನ್ನದ ಸುದ್ದಿ ಪತ್ರಿಕೆಗಳಲ್ಲಿ ಬಂದಷ್ಟು ಆ 66 ಜನರ ಸುದ್ದಿ ಬರಲಿಲ್ಲ ಎಂಬುದು ಭಾವನವರ ದೂರು.

ಅವರಿಗೆ ಈ ಘಟನೆಯ ಮೇಲೆ ವಿಶೇಷ ಮಮಕಾರವಿರಲು ಇನ್ನೊಂದು ಕಾರಣವಿತ್ತು. ಅವರು ಹುಟ್ಟಿದ್ದು ಅದೇ 1944ರ ಆಷಾಢದಲ್ಲಿ. "ಅರವತ್ತಾರು ಜನ ಹೋದ್ರು ಮೇಷ್ಟ್ರೇ, ಅದ್ಕೆ ಒಬ್ಬನ್ನ ಕಳಿಸ್ದ" ಎಂದು ನಗುತ್ತಿದ್ದರು. ಅವರು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ನಾನು ಕೆಲಸಕ್ಕೆ ಸೇರುವ ಮೊದಲೇ, ಟಿ.ಸಿ.ಎಚ್. ಓದುತ್ತಿದ್ದಾಗಲೇ, ಅವರ ಬಾಯಲ್ಲಿ ನಾನು ಮೇಷ್ಟ್ರಾಗಿದ್ದೆ.

ಮೈಸೂರು ರಾಜ್ಯ ಎಂಬ ಹೆಸರಿದ್ದಾಗ, 1964ರಲ್ಲಿ, ಅಗ್ನಿಶಾಮಕ ದಳಕ್ಕೆಂದೇ ಒಂದು ಕಾಯಿದೆ ಬಂದಿತು. 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಕಾಯಿದೆಯ ಹೆಸರೂ ಬದಲಾಯಿತು. ಕಾಯಿದೆ ಬಂದ ಎರಡು ವರ್ಷಕ್ಕೆ, 1966ರಲ್ಲಿ, ಇಪ್ಪತ್ತೆರಡರ ಹರೆಯದ ಈ ಹಳ್ಳಿಯ ಹುಡುಗ ಬೆಂಗಳೂರಿನಲ್ಲಿ ಫೈರ್‌ಮನ್ ಆಗಿ ಸೇರಿದರು. ಪೊಲೀಸ್ ಕೆಲಸಕ್ಕೆಂದು ಹೋಗಿ, ಅಲ್ಲಿ ಸಾಲು ಉದ್ದವಾಗಿದ್ದುದರಿಂದ ಪಕ್ಕದ ಸಾಲಿನಲ್ಲಿ ನಿಂತರೆಂಬುದು ಅವರು ಹೇಳುತ್ತಿದ್ದ ಕಥೆ. ಅಕ್ಕನ ಮದುವೆ 1970ರಲ್ಲಿ. ನಮ್ಮ ತಂದೆಗೆ ಮೊದಲು ಮನಸ್ಸಿರಲಿಲ್ಲ. "ಬೆಂಕಿಗೆ ಬೀಳೋನಿಗೆ ಹೆಣ್ಣು ಕೊಡೋದೆ?" ಎಂದು ರಾಗ ತೆಗೆದರು. ಹುಡುಗ ಬಂದು ತಂದೆಯವರ ಎದುರು ಚಾಪೆಯ ಮೇಲೆ ಕುಳಿತು, "ಬೀಳೋಕಲ್ಲ ಮಾವ, ಬಿದ್ದೋರ್ನ ಎತ್ತೋಕೆ ಸಂಬಳ ಕೊಡ್ತಾರೆ" ಎಂದರಂತೆ. ಆ ಒಂದು ಮಾತಿಗೆ ಮದುವೆ ನಿಶ್ಚಯವಾಯಿತು.

ಠಾಣೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಅವರ ಸಂಸಾರ. ಎರಡು ಹೆಣ್ಣು, ಒಂದು ಗಂಡು. ಠಾಣೆಯ ಗಂಟೆ ಬಾರಿಸಿದರೆ ಬಾಯಿಗೆ ಹೋಗುತ್ತಿದ್ದ ತುತ್ತು ತಟ್ಟೆಗೆ ಬೀಳುತ್ತಿತ್ತು. ಗಂಟೆ ನಿಂತು ವಾಹನ ಹೊರಟ ಶಬ್ದ ಕೇಳಿದ ಮೇಲೆ ಅಕ್ಕ ಆ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಡುವಳು. ಎಷ್ಟು ಹೊತ್ತಾದರೂ ಭಾವ ಅದನ್ನೇ ಉಣ್ಣುತ್ತಿದ್ದರು. ಬೇರೆ ಬಡಿಸಲು ಬಿಡುತ್ತಿರಲಿಲ್ಲ. ಮನೆಗೆ ಬಂದೊಡನೆ ಸ್ನಾನ. ಸ್ನಾನವಾಗುವವರೆಗೆ ಮಕ್ಕಳು ಹತ್ತಿರ ಹೋಗುವಂತಿರಲಿಲ್ಲ. ಹೋದ ಜಾಗದಲ್ಲಿ ಏನಾಯಿತೆಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಅವರೂ ಹೇಳುತ್ತಿರಲಿಲ್ಲ. ಅಕ್ಕನಿಗೆ ಅವರು ಸೀಗೆಪುಡಿ ಕೇಳಿದರೋ ಬರೀ ಸೋಪು ಕೇಳಿದರೋ ಎಂಬುದರ ಮೇಲೆಯೇ ಎಲ್ಲ ತಿಳಿಯುತ್ತಿತ್ತಂತೆ.

ದೀಪಾವಳಿಯ ವಿಷಯ ನೆಂಟರೆಲ್ಲರಿಗೂ ನೆನಪಿರುತ್ತದೆ. ಊರಿಗೆಲ್ಲ ಪಟಾಕಿಯ ಸಂಭ್ರಮವಾದರೆ ಠಾಣೆಯಲ್ಲಿ ಯಾರಿಗೂ ರಜೆಯಿಲ್ಲ. ಹಾಗಾಗಿ ಅವರ ಮನೆಯ ದೀಪಾವಳಿ ಎಲ್ಲರದ್ದೂ ಮುಗಿದ ಮಾರನೆಯ ದಿನ. ಮಕ್ಕಳು ಚಿಕ್ಕವರಿದ್ದಾಗ ಅಳುತ್ತಿದ್ದರು. ಬರುಬರುತ್ತಾ ಅದೇ ಒಂದು ವೈಭೋಗವಾಯಿತು. ನಮ್ಮ ನಮ್ಮ ಮನೆಯ ಹಬ್ಬ ಮುಗಿಸಿ ನಾವೆಲ್ಲ ಅಲ್ಲಿಗೆ ಹೊರಡುತ್ತಿದ್ದೆವು. ಕಜ್ಜಾಯ, ಒಬ್ಬಟ್ಟು, ಸಾಲು ಹಣತೆ. ಪಟಾಕಿ ಮಾತ್ರ ಇಲ್ಲ. ರಾತ್ರಿಯಿಡೀ ನಿದ್ದೆಗೆಟ್ಟ ಭಾವ ಕೆಂಪು ಕಣ್ಣುಗಳನ್ನು ಉಜ್ಜಿಕೊಳ್ಳುತ್ತಾ ಹಣತೆಗಳನ್ನು ತಾವೇ ಹಚ್ಚುತ್ತಿದ್ದರು, ಕಿಟಕಿಯ ಪರದೆಯಿಂದ ಮೂರು ಗೇಣು ದೂರ ಅಳೆದು ಇಡುತ್ತಿದ್ದರು.

ಇನ್ನು 1981ರ ಮಾತು. ಆ ವರ್ಷದ ಫೆಬ್ರವರಿ 7, ಶನಿವಾರ, ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಹಗಲು ಪ್ರದರ್ಶನದ ವೇಳೆ ಬೆಂಕಿ ಹತ್ತಿಕೊಂಡಿತು. ತೊಂಬತ್ತಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು. ಮರುದಿನದ ಪತ್ರಿಕೆಯನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಡೇರೆಯ ಬಟ್ಟೆ ಹೊತ್ತಿತೆಂದರೆ ಅದು ಉರಿಯುತ್ತಲೇ ಜನರ ಮೇಲೆ ಬೀಳುತ್ತದೆ. ಬೆಂಕಿಗಿಂತ ಮೊದಲು ನೂಕುನುಗ್ಗಲು ಕೊಲ್ಲುತ್ತದೆ. ಭಾವ ಅಂದು ಪಾಳಿಯಲ್ಲಿದ್ದರು. ಮರುದಿನ ಬೆಳಗಿನ ಜಾವ ಮನೆಗೆ ಬಂದು, ಸ್ನಾನ ಮಾಡಿ, ತಟ್ಟೆಯ ಎದುರು ಕೂರದೆ, ಮಲಗಿದ್ದ ಮೂರು ಮಕ್ಕಳ ತಲೆದೆಸೆಯಲ್ಲಿ ಗೋಡೆಗೊರಗಿ ಕುಳಿತರಂತೆ. ಬೆಳಕು ಹರಿಯುವವರೆಗೂ ಅಕ್ಕ ಬಾಗಿಲ ಬಳಿ ನಿಂತೇ ಇದ್ದಳು. ಆಗ ಹಿರಿಯ ಮಗಳಿಗೆ ಒಂಬತ್ತು ವರ್ಷ. ಸರ್ಕಸ್ಸಿಗೆ ಕರೆದುಕೊಂಡು ಹೋಗೆಂದು ಅವಳು ಆ ಮೇಲೆ ಎಂದೂ ಕೇಳಲಿಲ್ಲ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲವೆಂಬುದು ವಿಶೇಷ.

ಆ ದಿನದ ಬಗ್ಗೆ ಅವರು ನನ್ನೊಂದಿಗೆ ಮಾತನಾಡಿದ್ದು ಒಮ್ಮೆ ಮಾತ್ರ, ಹತ್ತು ವರ್ಷಗಳ ಅನಂತರ, ನಮ್ಮ ಹಿತ್ತಲಿನಲ್ಲಿ ಎಳನೀರು ಕೆಚ್ಚುತ್ತಾ. "ಬೆಂಕಿ ಬಿದ್ರೆ ದೊಡ್ಡೋರು ಬಾಗ್ಲು ಹುಡುಕ್ತಾರೆ ಮೇಷ್ಟ್ರೇ. ಮಕ್ಳು ಬಾಗ್ಲು ಹುಡುಕಕಿಲ್ಲ. ಅವ್ವನ್ನ ಹುಡುಕ್ತವೆ. ಅವ್ವ ಸಿಗ್ದಿದ್ರೆ ಏನಾದ್ರೂ ಕೆಳಗೆ ಅವಿತ್ಕೊತವೆ." ಅಷ್ಟೆ. ಮಚ್ಚನ್ನು ಒರೆಸಿ ಒಳಗಿಟ್ಟರು.

1983ರ ಸೆಪ್ಟೆಂಬರಿನಲ್ಲಿ ಸುಬೇದಾರ್ ಛತ್ರಂ ರಸ್ತೆಯಲ್ಲಿ, ಆಗ ಇದ್ದ ಕಪಾಲಿ ಚಿತ್ರಮಂದಿರದ ಹತ್ತಿರ, ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತಾಗಲೂ ಭಾವ ಅಲ್ಲಿ ದಿನಗಟ್ಟಲೆ ದುಡಿದರು. ಅಗ್ನಿಶಾಮಕರ ಕೆಲಸ ಬೆಂಕಿಯದಷ್ಟೇ ಅಲ್ಲ ಎಂದು ಅಂದಿನ ಬೆಂಗಳೂರಿಗೆ ಮನವರಿಕೆಯಾಗಿರಬೇಕು.

ಮರುವರ್ಷ ಬಡ್ತಿ ಸಿಕ್ಕಿ ಮಂಡ್ಯ ಜಿಲ್ಲೆಯ ನಮ್ಮ ತಾಲ್ಲೂಕಿಗೇ ವರ್ಗವಾಗಿ ಬಂದರು. ಇಲ್ಲಿನ ಬೆಂಕಿ ಬೇರೆ. ಸುಗ್ಗಿ ಮುಗಿದರೆ ಹುಲ್ಲಿನ ಮೆದೆ, ಆಲೆಮನೆಯ ಪಕ್ಕದಲ್ಲಿ ಒಣಗಿದ ಕಬ್ಬಿನ ಸಿಪ್ಪೆ, ಬೇಸಗೆಯಲ್ಲಿ ಗುಡಿಸಲು, ನಡುನಡುವೆ ಬಾವಿಗೆ ಬಿದ್ದ ಹಸು. ಹಸಿಯಾಗಿರುವಾಗಲೇ ಒತ್ತಿ ಮೆದೆ ಹಾಕಿದರೆ ಹುಲ್ಲು ಒಳಗೊಳಗೇ ಬಿಸಿಯೇರಿ, ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಲ್ಲದು. ಊರಿನವರು ಇದನ್ನು ನಂಬುತ್ತಿರಲಿಲ್ಲ. ಮೆದೆ ಸುಟ್ಟರೆ ದಾಯಾದಿಯದೇ ಕೈವಾಡವೆಂದು ಹೊಡೆದಾಟಕ್ಕೆ ಇಳಿಯುತ್ತಿದ್ದರು. ಭಾವ ಬೆಂಕಿ ಆರಿಸಿದ ಮೇಲೆ ಒಂದು ಕಬ್ಬಿಣದ ಸಲಾಕೆಯನ್ನು ಪಕ್ಕದ ಮೆದೆಯೊಳಗೆ ತೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಎಳೆದು, ಹೊಡೆದಾಟಕ್ಕೆ ನಿಂತವರ ಕೈಗೇ ಕೊಡುತ್ತಿದ್ದರು. ಸಲಾಕೆಯ ಬಿಸಿ ತಾಗಿದ ಮೇಲೆ ದಾಯಾದಿಗಳು ತಣ್ಣಗಾಗುತ್ತಿದ್ದರು. ಹೀಗೆ ಎಷ್ಟು ವ್ಯಾಜ್ಯಗಳು ನ್ಯಾಯಾಲಯದ ಮೆಟ್ಟಿಲು ಹತ್ತದೆ ಉಳಿದವೋ, ಲೆಕ್ಕವಿಟ್ಟವರಿಲ್ಲ.

ದೊಡ್ಡ ಪಾಡೆಂದರೆ ನೀರು. ಗಾಡಿಯಲ್ಲಿ ತಂದ ನೀರು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆಮೇಲೆ ಊರಿನ ಬಾವಿಗೋ ಕೆರೆಗೋ ಸಕ್ಷನ್ ಪೈಪು ಇಳಿಬಿಡಬೇಕು. ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ನೀರನ್ನು ಮೇಲಕ್ಕೆ ತಳ್ಳುವುದು ಹೊರಗಿನ ವಾಯುವಿನ ಒತ್ತಡ. ಲೆಕ್ಕದ ಪ್ರಕಾರ ಅದು ಸುಮಾರು 34 ಅಡಿ ತಳ್ಳಬಲ್ಲದು. ಪೈಪಿನ ಸೋರಿಕೆ, ಘರ್ಷಣೆ ಎಲ್ಲ ಕಳೆದರೆ 24-25 ಅಡಿ ದಾಟುವುದು ಕಷ್ಟ. ನಾನು ತರಗತಿಯಲ್ಲಿ ಪಾದರಸದ ಕೊಳವೆಯ ಚಿತ್ರ ಬರೆದು ಹೇಳುತ್ತಿದ್ದುದನ್ನು ಅವರು ಉರಿಯುವ ಮನೆಯ ಎದುರು ಅರಿತಿದ್ದರು. ನೀರು 30 ಅಡಿಯಲ್ಲಿದ್ದರೆ ಎಂಥ ಪಂಪಿದ್ದರೂ ಆ ಬಾವಿ ಇಲ್ಲದಂತೆಯೇ. ಆದುದರಿಂದ ತಾಲ್ಲೂಕಿಗೆ ಬಂದ ಮೊದಲ ಬೇಸಗೆಯಲ್ಲೇ, ರಜಾ ದಿನಗಳಲ್ಲಿ ಸೈಕಲ್ಲು ತುಳಿದುಕೊಂಡು, ಕಲ್ಲು ಕಟ್ಟಿದ ಹಗ್ಗವೊಂದನ್ನು ಹ್ಯಾಂಡಲಿಗೆ ಸುತ್ತಿಕೊಂಡು ಹಳ್ಳಿಹಳ್ಳಿಗೂ ಹೋದರು. ಬಾವಿಗೆ ಹಗ್ಗ ಬಿಟ್ಟು ಅಳೆದು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡರು: ಊರು, ಬಾವಿ ಯಾರದು, ಚೈತ್ರದಲ್ಲಿ ನೀರು ಎಷ್ಟು ಅಡಿಯಲ್ಲಿ, ಗಾಡಿ ಹತ್ತಿರ ಹೋಗುವುದೋ ಇಲ್ಲವೋ. ಯಾರ ಆಜ್ಞೆಯೂ ಇರಲಿಲ್ಲ. ಕೆಲವು ಊರುಗಳಲ್ಲಿ ಇವರು ಬಾವಿ ಕೊಳ್ಳಲು ಬಂದ ಸಾಹುಕಾರನ ಕಡೆಯವನೆಂದು ತಿಳಿದು ಓಡಿಸಿದ್ದೂ ಉಂಟು.

ಅಗ್ನಿಶಾಮಕ ಸಪ್ತಾಹ ಏಪ್ರಿಲ್ 14ರಿಂದ 20ರವರೆಗೆ. ಆ ಹೊತ್ತಿಗೆ ನಮ್ಮ ಶಾಲೆಗಳಿಗೆ ಬೇಸಗೆ ರಜೆ. ಖಾಲಿ ಬೆಂಚುಗಳಿಗೆ ಪಾಠ ಹೇಳಲು ಸಾಧ್ಯವಿಲ್ಲವೆಂದು ಭಾವ ಜೂನ್ ಕೊನೆಯಲ್ಲಿ ನಮ್ಮ ಶಾಲೆಗೆ ಬರುತ್ತಿದ್ದರು. 1985ರಿಂದ 1993ರವರೆಗೆ ಓದಿದ ನನ್ನ ವಿದ್ಯಾರ್ಥಿಗಳೇ, ನೀವು ಹಜಾರದಲ್ಲಿ ಮೂಗಿಗೆ ಒದ್ದೆ ಕರವಸ್ತ್ರ ಹಿಡಿದು ಸಾಲಾಗಿ ತೆವಳಿದ್ದು ನೆನಪಿದೆಯೇ? ಹೊಗೆ ಬಿಸಿಯಾಗಿರುವುದರಿಂದ ಮೇಲೇರುತ್ತದೆ, ಉಸಿರಾಡುವ ಗಾಳಿ ನೆಲದ ಬಳಿ ಉಳಿದಿರುತ್ತದೆ ಎಂಬ ಪಾಠ ಅದು. ಅಂದಿನ ಮುಖ್ಯೋಪಾಧ್ಯಾಯರೂ ಪಂಚೆ ಎತ್ತಿ ಕಟ್ಟಿ ತೆವಳಿದರು. ನೀವು ನಕ್ಕಿರಿ, ಅವರೂ ನಕ್ಕರು. ಕಾದ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯದೆ ತಟ್ಟೆ ಮುಚ್ಚಬೇಕೆಂದೂ, ಅಡುಗೆ ಅನಿಲ ಗಾಳಿಗಿಂತ ಭಾರವಾಗಿರುವುದರಿಂದ ನೆಲಮಟ್ಟದಲ್ಲಿ ನಿಲ್ಲುತ್ತದೆಂದೂ, ವಾಸನೆ ಬಂದರೆ ದೀಪದ ಸ್ವಿಚ್ಚನ್ನು ಹಾಕಲೂ ಬಾರದು ಆರಿಸಲೂ ಬಾರದೆಂದೂ ಹೇಳುತ್ತಿದ್ದರು. ಆಗ ನಿಮ್ಮಲ್ಲಿ ಬಹಳ ಜನರ ಮನೆಯಲ್ಲಿ ಗ್ಯಾಸೇ ಇರಲಿಲ್ಲ. 1998ರಲ್ಲಿ ನಿಮ್ಮಲ್ಲೇ ಒಬ್ಬಳು, ಮದುವೆಯಾಗಿ ಪುಣೆಗೆ ಹೋದವಳು, ನನಗೊಂದು ಇನ್‌ಲ್ಯಾಂಡ್ ಪತ್ರ ಬರೆದಳು. ರಾತ್ರಿ ಅಡುಗೆಮನೆಯಲ್ಲಿ ವಾಸನೆ ಬಂದು, ಕೈ ಸ್ವಿಚ್ಚಿನ ಮೇಲೆ ಹೋದಾಗ ಫೈರ್ ಮಾಮನ ದನಿ ಕೇಳಿಸಿತಂತೆ. ಕತ್ತಲಲ್ಲೇ ಕಿಟಕಿ ತೆಗೆದು ಮಗುವನ್ನೆತ್ತಿಕೊಂಡು ಹೊರಗೆ ಬಂದಳಂತೆ. ಪತ್ರವನ್ನು ಅವರಿಗೆ ಕೊಟ್ಟೆ. ಎರಡು ಸಲ ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಇಲಾಖೆ ಅವರಿಗೆ ಕೊಟ್ಟ ಪ್ರಶಂಸಾಪತ್ರ ಮನೆಯಲ್ಲಿ ಎಲ್ಲಿದೆಯೋ ಯಾರಿಗೂ ತಿಳಿಯದು. ಈ ಪತ್ರ ಮಾತ್ರ ಬಾವಿಗಳ ನೋಟುಪುಸ್ತಕದೊಳಗೆ ಇಂದಿಗೂ ಇದೆ.

ಒಮ್ಮೆ ಅವರಿಗೆ ಕೌಟಿಲ್ಯನ ಅರ್ಥಶಾಸ್ತ್ರದ ವಿಷಯ ಹೇಳಿದೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಅದರ ತಾಳೆಗರಿ ದೊರೆತು, 1909ರಲ್ಲಿ ಅಚ್ಚಾದ ಗ್ರಂಥ. ಮರೆತೇಹೋಗಿದ್ದ ಆ ಗ್ರಂಥ ಲೋಕಕ್ಕೆ ಮತ್ತೆ ದೊರೆತದ್ದು ನಮ್ಮ ಮೈಸೂರಿನಿಂದ ಎಂದು ನಾನು ತರಗತಿಯಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದೆನಷ್ಟೆ. ಅದರಲ್ಲಿ ನಗರದ ಅಧಿಕಾರಿಯ ಕರ್ತವ್ಯಗಳನ್ನು ಹೇಳುವಾಗ ಬೆಂಕಿಯ ವಿಷಯ ಬರುತ್ತದೆ. ಬೇಸಗೆಯಲ್ಲಿ ಪ್ರತಿ ಮನೆಯವನೂ ನೀರಿನ ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ, ಹುಲ್ಲು ಸೆಳೆಯುವ ಸಲಕರಣೆ, ತೊಗಲಿನ ಚೀಲ ಇಟ್ಟುಕೊಂಡಿರಬೇಕು. ಬೀದಿಗಳಲ್ಲಿ, ಚೌಕಗಳಲ್ಲಿ ಸಾವಿರಾರು ಗಡಿಗೆ ನೀರು ಸಾಲಾಗಿರಬೇಕು. ಹೊತ್ತಿದ ಮನೆಯನ್ನು ಉಳಿಸಲು ಓಡಿಬಾರದ ಮನೆಯೊಡೆಯನಿಗೆ 12 ಪಣ, ಬಾಡಿಗೆಯವನಿಗೆ 6 ಪಣ ದಂಡ. ಅಜಾಗರೂಕತೆಯಿಂದ ಬೆಂಕಿ ಬೀಳಿಸಿದವನಿಗೆ 54 ಪಣ. ಭಾವ ಮೌನವಾಗಿ ಕೇಳಿ, ನನ್ನನ್ನು ಠಾಣೆಗೆ ಕರೆದೊಯ್ದು ಗಾಡಿಯ ಪಕ್ಕದ ಬಾಗಿಲು ತೆರೆದು ತೋರಿಸಿದರು: ಏಣಿ, ಕೊಡಲಿ, ಉದ್ದನೆಯ ಕೊಕ್ಕೆ. "ಮೊರ ಒಂದು ಇಲ್ಲ. ಉಳಿದಿದ್ದೆಲ್ಲ ಅದೆ. ಆದ್ರೆ ಓಡಿ ಬರೋರು ಕಮ್ಮಿ ಆಗವ್ರೆ" ಎಂದರು. ಬೆಂಕಿ ನೋಡಲು ಬಂದವರು ಪೈಪನ್ನು ತುಳಿದು ನಿಲ್ಲುವುದು ಅವರಿಗೆ ಸಹಿಸಲಾಗದ ಸಂಗತಿಯಾಗಿತ್ತು. ಮೊಬೈಲಿನಲ್ಲಿ ಚಿತ್ರ ಹಿಡಿಯುವ ಕಾಲದಲ್ಲಿ ಅವರು ಕೆಲಸದಲ್ಲಿರಲಿಲ್ಲ. ಅದೇ ಒಂದು ಪುಣ್ಯ.

ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನನ ದೂರದರ್ಶನ ಧಾರಾವಾಹಿಯ ಚಿತ್ರೀಕರಣದಲ್ಲಿ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಗೋಡೆಗೆ ಗೋಣಿಚೀಲ, ಭಾರಿ ದೀಪಗಳ ಕಾವು, ಗಾಳಿಯಾಡಲು ದಾರಿಯಿಲ್ಲ. ಭಾವ ಅಲ್ಲಿಗೆ ಹೋದವರಲ್ಲ. ಪತ್ರಿಕೆಯನ್ನು ಓದಿ, "ಬಾಗ್ಲು ಎಷ್ಟಿದ್ವು ಅಂತ ಬರ್ದೇ ಇಲ್ವಲ್ಲ" ಎಂದು ಪುಟ ತಿರುವಿ ತಿರುವಿ ಹುಡುಕಿದರು.

ಅವರ ಬಾಗಿಲಿನ ಹುಚ್ಚು ನೆಂಟರಲ್ಲಿ ಗೇಲಿಗೂ ಗುರಿಯಾಗಿತ್ತು. ಸಿನಿಮಾಕ್ಕೆ ಹೋದರೆ ದೀಪ ಆರುವ ಮೊದಲು ಮೂವರು ಮಕ್ಕಳೂ ಹೊರಗೆ ಹೋಗುವ ಬಾಗಿಲುಗಳನ್ನು ಎಣಿಸಿ ಹೇಳಬೇಕು. ಹೇಳಿದ ಮೇಲೆಯೇ ಕಡಲೆಕಾಯಿ. 1995ರಲ್ಲಿ ನನ್ನ ಮಗಳ ಮದುವೆಯಲ್ಲಿ ಧಾರೆಗೆ ಇನ್ನು ಅರ್ಧ ಗಂಟೆಯಿರುವಾಗ, ಛತ್ರದ ಹಿಂಬಾಗಿಲಿಗೆ ಬೀಗ ಹಾಕಿರುವುದನ್ನು ಕಂಡು ಮೇನೇಜರನೊಂದಿಗೆ ಜಗಳಕ್ಕೆ ನಿಂತರು. ಪಾತ್ರೆ ಕಳುವಾಗುತ್ತದೆ ಎಂಬುದು ಅವನ ವಾದ. "ಪಾತ್ರೆ ಲೆಕ್ಕ ನಾನು ಕೊಡ್ತೀನಿ, ಬೀಗ ತೆಗಿ" ಎಂದು ರೇಷ್ಮೆ ಪಂಚೆಯುಟ್ಟ ಸೋದರಮಾವನಂಥ ಹಿರಿಯರು ಊಟ ಮುಗಿಯುವವರೆಗೂ ಆ ಹಿಂಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ಬೀಗರ ಕಡೆಯವರು ಅವರನ್ನು ಛತ್ರದ ಕಾವಲುಗಾರನೆಂದೇ ತಿಳಿದಿದ್ದರು. ಅಂದು ಬೆಂಕಿಯೇನೂ ಬೀಳಲಿಲ್ಲ, ಮದುವೆ ಸಾಂಗವಾಗಿ ನೆರವೇರಿತು. ಇತಿಹಾಸ ಬೋಧಿಸಿದವನಾಗಿ ನನಗೆ ಅನ್ನಿಸುವುದುಂಟು: ನಡೆದ ಅನಾಹುತಕ್ಕೆ ತಾರೀಖಿದೆ, ಸತ್ತವರ ಸಂಖ್ಯೆಯಿದೆ, ತಪ್ಪಿದ ಅನಾಹುತಕ್ಕೆ ಯಾವ ದಾಖಲೆಯೂ ಇಲ್ಲ. ಅಂಥವರ ಬದುಕನ್ನು ಬರೆಯಹೊರಟರೆ ಲೇಖನಿಗೆ ಸಿಗುವುದು ಕುರ್ಚಿ, ಬೀಗ, ಹಗ್ಗ ಇಷ್ಟೇ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದಲ್ಲಿ ಶಾಲೆಯ ಸೋಗೆಯ ಮಾಡಿಗೆ ಬೆಂಕಿ ಹತ್ತಿ 94 ಮಕ್ಕಳು ಸತ್ತರು. ಆಗ ನಾನು ಮುಖ್ಯೋಪಾಧ್ಯಾಯ, ಭಾವ ನಿವೃತ್ತರಾಗಿ ಎರಡು ವರ್ಷ. ಅಂದು ರಾತ್ರಿ ಮೈಸೂರಿನಿಂದ ಫೋನು ಬಂದಿತು. ಕುಶಲ ವಿಚಾರಿಸಲಿಲ್ಲ. "ಮೇಷ್ಟ್ರೇ, ನಿಮ್ ಸ್ಕೂಲ್ ಬಾಗ್ಲು ಒಳಕ್ಕೆ ತೆಗೀತವೋ ಹೊರಕ್ಕೆ ತೆಗೀತವೋ?" ಒಳಕ್ಕೆ ತೆರೆಯುವ ಬಾಗಿಲಿಗೆ ಗುಂಪು ಬಂದು ಒತ್ತಿದರೆ ಯಾರೂ ಅದನ್ನು ಎಳೆದು ತೆರೆಯಲಾಗದು. ನಮ್ಮ ಹತ್ತು ಕೊಠಡಿಗಳ ಬಾಗಿಲುಗಳೂ ಒಳಕ್ಕೇ ತೆರೆಯುತ್ತಿದ್ದವು. ಶನಿವಾರ ಮಧ್ಯಾಹ್ನ ಬಸ್ಸಿಳಿದು ಬಂದರು. ಊರಿನ ಬಡಗಿಯನ್ನು ಕರೆಸಿ, ಭಾನುವಾರವಿಡೀ ನಿಂತು, ಬಿಜಾಗರಿ ಬದಲಿಸಿ ಹತ್ತನ್ನೂ ಹೊರಕ್ಕೆ ತಿರುಗಿಸಿದರು. ಬಡಗಿಯ ಕೂಲಿಯನ್ನು ಅವರ ಪಿಂಚಣಿಯಿಂದಲೇ ಕೊಟ್ಟರು, ನನ್ನಿಂದ ತೆಗೆದುಕೊಳ್ಳಲಿಲ್ಲ. ಕುಂಭಕೋಣದ ದುರಂತದ ಹಿನ್ನೆಲೆಯಲ್ಲಿ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಶಾಲೆಗಳ ಅಗ್ನಿಸುರಕ್ಷತೆಯ ಬಗ್ಗೆ ದೇಶಕ್ಕೆಲ್ಲ ಆದೇಶ ಕೊಟ್ಟದ್ದು 2009ರಲ್ಲಿ. ಮರುವರ್ಷ, 2010ರ ಫೆಬ್ರವರಿ 23ರಂದು, ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ ಒಂಬತ್ತು ಜನ ಸತ್ತಾಗ, ಕಿಟಕಿ ಒಡೆದು ಜಿಗಿಯುವವರನ್ನು ಟಿ.ವಿ.ಯಲ್ಲಿ ನೋಡಲಾರದೆ ಭಾವ ಎದ್ದು ಹಿತ್ತಲಿಗೆ ಹೋದರು.

ನಿವೃತ್ತಿಯ ಬದುಕು ದೊಡ್ಡದು, ಆದರೆ ಹೇಳುವುದು ಕಡಿಮೆ. ಮೊಮ್ಮಕ್ಕಳಿಗೆ ಗಂಟು ಹಾಕುವುದನ್ನು ಕಲಿಸಿದರು. ಅಕ್ಕನಿಗೆ ಮಂಡಿ ನೋವು ಬಂದ ಮೇಲೆ ಅಡುಗೆ ಅವರದೇ. ಹುಳಿ ಸ್ವಲ್ಪ ಖಾರ. ಬೀಡಿ ಸಿಗರೇಟು ಮುಟ್ಟದವರಿಗೆ ಕೊನೆಯ ಹತ್ತು ವರ್ಷ ಕೆಮ್ಮು ಬಿಡಲಿಲ್ಲ. ಅವರ ಕಾಲದಲ್ಲಿ ಉಸಿರಾಟದ ಉಪಕರಣ ಕೈಗೆ ಸಿಕ್ಕಿದ್ದಕ್ಕಿಂತ ಒದ್ದೆ ಟವೆಲು ಸಿಕ್ಕಿದ್ದೇ ಹೆಚ್ಚು. ಅಗ್ನಿಶಾಮಕರ ವೃತ್ತಿಯಲ್ಲಿ ಸೋಕುವ ಹೊಗೆ, ವಿಷವಸ್ತುಗಳು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ವರ್ಗೀಕರಿಸಿತು. ನಾನು ಅದನ್ನು ಪತ್ರಿಕೆಯಲ್ಲಿ ಓದಿ ಹೇಳಿದಾಗ, "ಈಗ ಗೊತ್ತಾಯ್ತಾ ಅವ್ರಿಗೆ?" ಎಂದು ಕೆಮ್ಮಿದರು. ಅವರು ಹೋದದ್ದು ಕ್ಯಾನ್ಸರಿನಿಂದಲ್ಲ, ನಿದ್ದೆಯಲ್ಲಿ. ದೀಪಾವಳಿ ಕಳೆದು ಒಂದು ವಾರವಾಗಿತ್ತು. ಆ ವರ್ಷವೂ ಹಬ್ಬವನ್ನು ಮಾರನೆಯ ದಿನವೇ ಮಾಡಿದ್ದರು, ನಿವೃತ್ತರಾಗಿ ಇಪ್ಪತ್ತೊಂದು ವರ್ಷವಾಗಿದ್ದರೂ.

ಬಾವಿಗಳ ನೋಟುಪುಸ್ತಕ ಈಗ ಅಕ್ಕನ ಬೀರುವಿನಲ್ಲಿದೆ. ಕಳೆದ ತಿಂಗಳು ಅದನ್ನು ಬಿಡಿಸಿ ನೋಡಿದೆ. ಹೆಸರು ಬರೆದಿರುವ ಬಾವಿಗಳಲ್ಲಿ ನನಗೆ ಗೊತ್ತಿರುವವು ಬಹುಪಾಲು ಬತ್ತಿವೆ, ಇಲ್ಲವೇ ಮಣ್ಣು ಮುಚ್ಚಿದೆ, ಪಕ್ಕದಲ್ಲೆಲ್ಲ ಬೋರ್‌ವೆಲ್. ನಮ್ಮ ಶಾಲೆಯ ಬಾವಿಯೂ ಅದರಲ್ಲಿದೆ: ಚೈತ್ರದಲ್ಲಿ 19 ಅಡಿ, ಗಾಡಿ ಹೋಗುತ್ತದೆ, ಗೇಟಿನ ಬೀಗದ ಕೈ ಮೇಷ್ಟ್ರ ಹತ್ತಿರ.